ಟೊಮೆಟೊ ಬೆಲೆ ಇಳಿಯುತ್ತದೆ, ಸಂಬಳ ಏಕೆ ಇಳಿಯುವುದಿಲ್ಲ?

ಕೋಲಾರದ ಎಪಿಎಂಸಿಗೆ ಒಂದೇ ದಿನ ಎಂದಿಗಿಂತ ಎರಡು ಪಟ್ಟು ಟೊಮೆಟೊ ಬಂದು ಬಿದ್ದರೆ ಏನಾಗುತ್ತದೆಂದು ಯಾರೂ ವಿವರಿಸಬೇಕಿಲ್ಲ. ಹರಾಜು ಮುಗಿಯುವಷ್ಟರಲ್ಲಿ ಬಾಕ್ಸಿನ ಬೆಲೆ ನೆಲ ಕಚ್ಚಿರುತ್ತದೆ. ಬೆಳೆದವನು ಶಪಿಸುತ್ತಾನೆ, ಲಾರಿ ಬಾಡಿಗೆಯೂ ಹುಟ್ಟದ ದಿನ ಹಣ್ಣನ್ನು ರಸ್ತೆಗೆ ಸುರಿದು ಹೋಗುತ್ತಾನೆ. ಆದರೆ ಹೋದ ವಾರದ ಬೆಲೆಯೇ ಬೇಕೆಂದು ಹಟ ಹಿಡಿದು ಮಂಡಿಯಲ್ಲಿ ಆರು ತಿಂಗಳು ಕೂರುವುದಿಲ್ಲ. ಬೆಲೆ ಇಳಿಯುತ್ತದೆ, ಸರಕು ಖಾಲಿಯಾಗುತ್ತದೆ.

ದುಡಿಮೆಗೂ ಒಂದು ಬೆಲೆ ಇದೆ. ಹೊಲದಲ್ಲಿ ಅದು ಕೂಲಿ, ಕಚೇರಿಯಲ್ಲಿ ಸಂಬಳ. ವ್ಯಾಪಾರ ಬಿದ್ದುಹೋದಾಗ ದುಡಿಯುವ ಕೈಗಳಿಗೆ ಬೇಡಿಕೆ ತಗ್ಗುತ್ತದೆ. ಟೊಮೆಟೊ ಲೆಕ್ಕದಲ್ಲಿ ನೋಡಿದರೆ ಸಂಬಳ ಇಳಿಯಬೇಕು, ಕೆಲಸ ಮಾತ್ರ ಎಲ್ಲರಿಗೂ ಉಳಿಯಬೇಕು. ನಡೆಯುವುದು ತಿರುವುಮುರುವು. ಅಮೆರಿಕದಲ್ಲಿ 2007ರ ಡಿಸೆಂಬರ್‌ನಲ್ಲಿ ಶುರುವಾದ ಆರ್ಥಿಕ ಹಿಂಜರಿತವನ್ನೇ ನೋಡಿ. 2009ರ ಅಕ್ಟೋಬರ್ ಹೊತ್ತಿಗೆ ಅಲ್ಲಿ ನಿರುದ್ಯೋಗ ಶೇ 10ಕ್ಕೆ ಮುಟ್ಟಿತ್ತು, ಸುಮಾರು ಒಂದೂವರೆ ಕೋಟಿ ಜನ ಕೆಲಸ ಹುಡುಕುತ್ತಿದ್ದರು. ಆ ವರ್ಷದ ನಡುವಿನಲ್ಲಿ ಖಾಲಿ ಇದ್ದ ಒಂದೊಂದು ಹುದ್ದೆಗೂ ಆರಕ್ಕಿಂತ ಹೆಚ್ಚು ನಿರುದ್ಯೋಗಿಗಳಿದ್ದರು. ಇಷ್ಟಾದರೂ ಸರಾಸರಿ ಗಂಟೆಯ ವೇತನ ಡಾಲರ್ ಲೆಕ್ಕದಲ್ಲಿ ಇಳಿಯಲಿಲ್ಲ. ಏರುವ ವೇಗ ಕಡಿಮೆಯಾಯಿತು, ಅಷ್ಟೆ.

ಹದಿಮೂರು ವರ್ಷಗಳಲ್ಲಿ ಅದೇ ದೇಶದ ಚಿತ್ರ ಮಗುಚಿ ಬಿತ್ತು. 2022ರ ಮಾರ್ಚ್‌ನಲ್ಲಿ ಒಬ್ಬ ನಿರುದ್ಯೋಗಿಗೆ ಸುಮಾರು ಎರಡು ಖಾಲಿ ಹುದ್ದೆಗಳು ಕಾದಿದ್ದವು. ಈ ತೂಗುಯ್ಯಾಲೆಗೆ ಕಾರಣವೇನು ಎಂಬುದು ಅರ್ಥಶಾಸ್ತ್ರದ ಹಳೆಯ ಜಗಳಗಳಲ್ಲಿ ಒಂದು. ಸಂಬಳ ಇಳಿಯದಿರುವುದೇ ಕಾರಣ ಎನ್ನುವುದು ಸುಲಭ. ಆದರೆ ಯಾರ ಸಂಬಳ? ಜಗಳದ ತಿರುಳು ಇರುವುದು ಈ ಚಿಕ್ಕ ಪ್ರಶ್ನೆಯಲ್ಲಿ.

ಕೆರೆಯೂ ತೂಬೂ

ನಿರುದ್ಯೋಗವನ್ನು ಒಂದು ಕೆರೆ ಎಂದುಕೊಳ್ಳಿ. ಕೆಲಸ ಕಳೆದುಕೊಂಡವರು ಹಳ್ಳದ ನೀರಿನಂತೆ ಒಳಗೆ ಬರುತ್ತಾರೆ, ಕೆಲಸ ಸಿಕ್ಕವರು ತೂಬಿನಿಂದ ಹೊರಗೆ ಹರಿಯುತ್ತಾರೆ. ನೀರು ಎಷ್ಟು ಎತ್ತರ ನಿಲ್ಲುತ್ತದೆ ಎಂಬುದು ಈ ಎರಡೂ ಹರಿವುಗಳ ಮೇಲೆ ನಿಂತಿದೆ. ಒಂದು ಕಾಲ್ಪನಿಕ ಊರಿನ ಲೆಕ್ಕ ಹಾಕೋಣ. ದುಡಿಯುತ್ತಿರುವ ನೂರು ಜನರಲ್ಲಿ ತಿಂಗಳಿಗೆ ಇಬ್ಬರು ಕೆಲಸ ಕಳೆದುಕೊಳ್ಳುತ್ತಾರೆ. ಕೆಲಸ ಹುಡುಕುತ್ತಿರುವ ನೂರು ಜನರಲ್ಲಿ ನಲವತ್ತು ಮಂದಿಗೆ ಆ ತಿಂಗಳೇ ಕೆಲಸ ಸಿಗುತ್ತದೆ. ಹೀಗೇ ನಡೆಯುತ್ತಿದ್ದರೆ ನಿರುದ್ಯೋಗ ಶೇ 4.8ರ ಹತ್ತಿರ ಬಂದು ನಿಲ್ಲುತ್ತದೆ. ಈಗ ಒಬ್ಬನನ್ನೂ ಹೆಚ್ಚಿಗೆ ಕೆಲಸದಿಂದ ತೆಗೆಯಬೇಡಿ. ಹೊಸಬರಿಗೆ ಕೆಲಸ ಸಿಗುವ ವೇಗವನ್ನು ಮಾತ್ರ ನಲವತ್ತರಿಂದ ಇಪ್ಪತ್ತಕ್ಕೆ ಇಳಿಸಿ. ನಿರುದ್ಯೋಗ ಶೇ 9.1ಕ್ಕೆ ಏರುತ್ತದೆ. ಹಳ್ಳದ ನೀರು ಹನಿಯಷ್ಟೂ ಹೆಚ್ಚಲಿಲ್ಲ, ತೂಬು ಅರ್ಧ ಮುಚ್ಚಿತು, ಕೆರೆ ಹೆಚ್ಚುಕಡಿಮೆ ಎರಡು ಪಟ್ಟು ತುಂಬಿತು.

ಟಿವಿಯಲ್ಲಿ ನಾವು ಕಾಣುವುದು ಹಳ್ಳವನ್ನು: ಸಾವಿರ ಜನ ವಜಾ, ಕಂಪನಿ ಗೇಟಿನ ಮುಂದೆ ಪೆಟ್ಟಿಗೆ ಹಿಡಿದು ನಿಂತವರು. ತೂಬು ಮುಚ್ಚಿಕೊಳ್ಳುವುದು ಸದ್ದಿಲ್ಲದೆ. ಪ್ರಕಟವಾಗದ ಜಾಹೀರಾತಿನ ಫೋಟೊ ತೆಗೆಯುವುದು ಹೇಗೆ? ಅಮೆರಿಕದ ಏರಿಳಿತದಲ್ಲಿ ದೊಡ್ಡ ಪಾಲು ತೂಬಿನದೇ ಎಂದು ರಾಬರ್ಟ್ ಶೈಮರ್ ಎಂಬ ಅರ್ಥಶಾಸ್ತ್ರಜ್ಞ ವಾದಿಸಿದರು. ಹಳ್ಳದ ಪಾಲನ್ನು ಅಷ್ಟು ಕಡೆಗಣಿಸಬೇಡಿ ಎಂದು ಬೇರೆಯವರು ಅಂಕಿಗಳ ಸಮೇತ ಉತ್ತರ ಕೊಟ್ಟಿದ್ದಾರೆ. ಹಿಂಜರಿತದ ಮೊದಲ ತಿಂಗಳುಗಳಲ್ಲಿ ವಜಾಗಳೂ ಏರುತ್ತವೆ, ನಿಜ. ಆದರೂ ನಿರುದ್ಯೋಗ ವರ್ಷಗಟ್ಟಲೆ ಇಳಿಯದೆ ನಿಲ್ಲುವುದಕ್ಕೆ ತೂಬೇ ಮುಖ್ಯ ಕಾರಣವೆಂದು ನನಗೂ ಅನ್ನಿಸುತ್ತದೆ.

ಒಳ್ಳೆಯ ಕಾಲದಲ್ಲೂ ಈ ಕೆರೆ ಪೂರ್ತಿ ಬತ್ತುವುದಿಲ್ಲ. ಊರಿನಲ್ಲಿ ಮದುವೆಗೆ ಬಂದ ಗಂಡುಗಳಿದ್ದಾರೆ, ಹೆಣ್ಣುಗಳೂ ಇದ್ದಾರೆ, ಆದರೂ ಎರಡೂ ಕಡೆಯವರು ‘ಸರಿಯಾದ ಸಂಬಂಧ ಕೂಡಿಬರುತ್ತಿಲ್ಲ’ ಎನ್ನುತ್ತಿರುತ್ತಾರೆ. ಕೆಲಸದ ಮಾರುಕಟ್ಟೆಯೂ ಹಾಗೆಯೇ. ಪೀಣ್ಯದ ಒಂದು ವರ್ಕ್‌ಶಾಪಿಗೆ ಲೇತ್ ಆಪರೇಟರ್ ಬೇಕು, ರಾಯಚೂರಿನಲ್ಲಿ ಐಟಿಐ ಮುಗಿಸಿದ ಹುಡುಗನೊಬ್ಬ ಕೂತಿದ್ದಾನೆ. ಇವರಿಬ್ಬರೂ ಒಬ್ಬರಿಗೊಬ್ಬರು ಗೊತ್ತಾಗಬೇಕು, ಬಾಡಿಗೆ ಕೋಣೆ ಸಿಗಬೇಕು, ಮಾಲೀಕನಿಗೆ ಅವನ ಕೈಚಳಕದಲ್ಲಿ ನಂಬಿಕೆ ಬರಬೇಕು. ಇದಕ್ಕೆಲ್ಲ ಹಿಡಿಯುವ ಸಮಯ ಮತ್ತು ಖರ್ಚನ್ನೇ ಅರ್ಥಶಾಸ್ತ್ರ ‘ಘರ್ಷಣೆ’ ಎನ್ನುತ್ತದೆ. ಯಂತ್ರದ ಹಲ್ಲುಗಳ ನಡುವೆ ಆಗುವ ಸವೆತದಂಥದ್ದು. ಇದನ್ನು ಲೆಕ್ಕಕ್ಕೆ ಒಗ್ಗಿಸಿದ ಪೀಟರ್ ಡೈಮಂಡ್, ಡೇಲ್ ಮಾರ್ಟೆನ್ಸನ್ ಮತ್ತು ಕ್ರಿಸ್ಟೋಫರ್ ಪಿಸರೈಡ್ಸ್ ಅವರಿಗೆ 2010ರಲ್ಲಿ ನೊಬೆಲ್ ಬಂತು.

ಅವರ ಮಾದರಿಯಲ್ಲಿ ತೂಬಿನ ಕೀಲಿ ಇರುವುದು ಮಾಲೀಕನ ಕೈಯಲ್ಲಿ. ಒಂದು ಹುದ್ದೆಗೆ ಜಾಹೀರಾತು ಕೊಡುವುದಕ್ಕೆ, ಸಂದರ್ಶನ ನಡೆಸುವುದಕ್ಕೆ, ಹೊಸಬನಿಗೆ ಕೆಲಸ ಕಲಿಸುವುದಕ್ಕೆ ಖರ್ಚಿದೆ. ಆಮೇಲೆ ಬರುವ ಲಾಭದಿಂದ ಆ ಖರ್ಚು ಹುಟ್ಟುತ್ತದೆಂದು ಕಂಡರೆ ಮಾತ್ರ ಅವನು ಹುದ್ದೆ ತೆರೆಯುತ್ತಾನೆ. ಅಂದರೆ ಎಲ್ಲವೂ ನಿಂತಿರುವುದು ಸಂಬಳ ಕೊಟ್ಟ ಮೇಲೆ ಅವನಿಗೆ ಉಳಿಯುವ ಆ ಸಣ್ಣ ಮಿಗತೆಯ ಮೇಲೆ.

ಮೂರು ರೂಪಾಯಿಯ ಲೆಕ್ಕ

ಸಿದ್ಧಾಂತ ಸೊಗಸಾಗಿತ್ತು. ತೊಂದರೆ ಶುರುವಾದದ್ದು 2005ರಲ್ಲಿ. ಶೈಮರ್ ಎರಡನೆಯ ಮಹಾಯುದ್ಧದ ನಂತರದ ಅರ್ಧ ಶತಮಾನದ ಅಮೆರಿಕದ ಅಂಕಿಗಳನ್ನು ಮುಂದಿಟ್ಟುಕೊಂಡು ಒಂದು ತಾಳೆ ನೋಡಿದರು. ಖಾಲಿ ಹುದ್ದೆಗಳಿಗೂ ನಿರುದ್ಯೋಗಿಗಳಿಗೂ ಇರುವ ಅನುಪಾತ ಎಷ್ಟು ಏರಿಳಿಯುತ್ತದೆ? ಒಬ್ಬ ಕಾರ್ಮಿಕನ ಉತ್ಪಾದಕತೆ ಏರಿಳಿಯುವುದಕ್ಕಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ಮುಂದೆ ನೊಬೆಲ್ ಗೆಲ್ಲಲಿದ್ದ ಈ ಮಾದರಿಯ ಪ್ರಕಾರ ಎಷ್ಟಾಗಬೇಕಿತ್ತು? ಎರಡೂ ಹೆಚ್ಚುಕಡಿಮೆ ಸಮನಾಗಿರಬೇಕಿತ್ತು. ಸಣ್ಣ ಅಂತರವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಇಪ್ಪತ್ತು ಪಟ್ಟನ್ನು ಯಾವ ಅಡಿಟಿಪ್ಪಣಿಯಲ್ಲೂ ಬಚ್ಚಿಡಲಾಗದು.

ಮಾದರಿ ಎಡವಿದ್ದೆಲ್ಲಿ ಎಂದು ನೋಡಲು ಕೈಬೆರಳಿನ ಲೆಕ್ಕ ಸಾಕು. ಒಬ್ಬ ಕೆಲಸಗಾರನಿಂದ ಮಾಲೀಕನಿಗೆ 100 ರೂಪಾಯಿ ಬರುತ್ತದೆ, ಸಂಬಳ 97, ಮಿಗತೆ 3 ಎನ್ನೋಣ. ವ್ಯಾಪಾರ ಶೇ 1ರಷ್ಟು ತಗ್ಗಿತು. ಈಗ ಬರುವುದು 99. ಸಂಬಳವೂ ಅದೇ ಪ್ರಮಾಣದಲ್ಲಿ ತಗ್ಗಿ 96 ರೂಪಾಯಿ 3 ಪೈಸೆಯಾದರೆ ಮಿಗತೆ 2 ರೂಪಾಯಿ 97 ಪೈಸೆ. ಮೂರು ಪೈಸೆ ಖೋತಾ ಆಯಿತೆಂದು ಯಾವ ಮಾಲೀಕನೂ ನೇಮಕಾತಿ ನಿಲ್ಲಿಸುವುದಿಲ್ಲ. ಸಂಬಳ 97ಕ್ಕೇ ಅಂಟಿಕೊಂಡಿದ್ದರೆ? ಮಿಗತೆ 2 ರೂಪಾಯಿ. ಶೇ 1ರ ಪೆಟ್ಟು ಮಾಲೀಕನ ಲಾಭದ ಮೂರನೇ ಒಂದು ಭಾಗವನ್ನು ನುಂಗಿತು. ಅವನು ಜಾಹೀರಾತಿನ ಫೈಲನ್ನು ಮಡಿಚಿ ಮೇಜಿನ ಖಾನೆಗೆ ಹಾಕುತ್ತಾನೆ. ತೂಬು ಮುಚ್ಚಿತು.

ಹಳೆಯ ಮಾದರಿಯಲ್ಲಿ ಸಂಬಳವೆಂದರೆ ಮಾಲೀಕನೂ ಕೆಲಸಗಾರನೂ ಪ್ರತಿ ಬಾರಿ ಹೊಸದಾಗಿ ಚೌಕಾಸಿ ಮಾಡಿ ಹಂಚಿಕೊಳ್ಳುವ ಪಾಲು. ಹಾಗಾಗಿ ಪೆಟ್ಟಿನ ಬಹುಪಾಲನ್ನು ಸಂಬಳವೇ ಹೀರಿಕೊಳ್ಳುತ್ತಿತ್ತು, ಲಾಭ ಅಷ್ಟಾಗಿ ಅಲುಗುತ್ತಿರಲಿಲ್ಲ. ಅದೇ 2005ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ರಾಬರ್ಟ್ ಹಾಲ್ ಈ ಒಂದು ಕೊಂಡಿಯನ್ನು ಬದಲಿಸಿ ನೋಡಿದರು. ಸಂಬಳ ಸಮಾಜದಲ್ಲಿ ರೂಢಿಯಾಗಿ ಬಂದದ್ದು, ಎರಡೂ ಕಡೆಯವರಿಗೆ ನಷ್ಟವಾಗದಷ್ಟು ದಿನ ಅದು ಅಲ್ಲೇ ಇರುತ್ತದೆ ಎಂದುಕೊಂಡರೆ ಏರಿಳಿತ ದೊಡ್ಡದಾಗಿ ಬಂತು. ಇದೊಂದೇ ದಾರಿಯಲ್ಲ, ಮಿಗತೆಯೇ ಬಹಳ ತೆಳುವಾಗಿದ್ದರೆ ಸಂಬಳ ಅಲುಗಿದರೂ ಇದೇ ಫಲ ಬರುತ್ತದೆ ಎಂದು ಇನ್ನೊಂದು ಗುಂಪು ತೋರಿಸಿತು. ಆ ವಿವರಕ್ಕೆ ಹೋಗುವುದಿಲ್ಲ.

ಕೊಡುವವನೂ ಏಕೆ ಇಳಿಸುವುದಿಲ್ಲ?

ಹೊರಗೆ ಸಾಲುಗಟ್ಟಿ ಜನ ನಿಂತಿರುವಾಗ ಮಾಲೀಕ ಸಂಬಳ ಇಳಿಸಲು ಹಿಂಜರಿಯುವುದೇಕೆ? ಯೇಲ್ ವಿಶ್ವವಿದ್ಯಾಲಯದ ಟ್ರೂಮನ್ ಬ್ಯೂಲಿ ಗಣಿತದ ಮನುಷ್ಯ. 1990ರ ದಶಕದ ಆರಂಭದ ಹಿಂಜರಿತದಲ್ಲಿ ಅವರು ಸಮೀಕರಣ ಬದಿಗಿಟ್ಟು ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸುತ್ತಾಡಿ ಕಂಪನಿ ಅಧಿಕಾರಿಗಳು, ಕಾರ್ಮಿಕ ಮುಖಂಡರು, ನೇಮಕಾತಿಯವರು ಸೇರಿ ಮುನ್ನೂರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿದರು. ಸಿಕ್ಕ ಉತ್ತರದಲ್ಲಿ ಕಾನೂನಿನ ಮಾತು ಕಡಿಮೆ, ಮನಸ್ಸಿನ ಮಾತು ಹೆಚ್ಚು. ಸಂಬಳ ಕಡಿದರೆ ನೊಂದವರೆಲ್ಲ ನಾಳೆಯೂ ಅದೇ ಕಚೇರಿಗೆ ಬರುತ್ತಾರೆ, ಮುನಿಸಿಕೊಂಡೇ ದುಡಿಯುತ್ತಾರೆ, ಚುರುಕಿನವರು ಮೊದಲು ಬಿಟ್ಟುಹೋಗುತ್ತಾರೆ. ಹತ್ತು ಜನರನ್ನು ಕೆಲಸದಿಂದ ತೆಗೆದರೆ ಅವರ ನೋವು ಅವರ ಜೊತೆಗೇ ಗೇಟಿನಾಚೆ ಹೋಗುತ್ತದೆ. ಕಟುವಾದ ಲೆಕ್ಕ. ಆದರೆ ದಡ್ಡತನದ ಲೆಕ್ಕವಲ್ಲ.

ಸಂಬಳದ ಇಳಿಕೆಯಲ್ಲಿ ನಮ್ಮನ್ನು ಕೆರಳಿಸುವುದು ನಷ್ಟಕ್ಕಿಂತ ಹೆಚ್ಚಾಗಿ ಅದರ ರೂಪ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1986ರಲ್ಲಿ ಪ್ರಕಟಿಸಿದ ಸಮೀಕ್ಷೆ ಇದನ್ನು ಚೆನ್ನಾಗಿ ಹಿಡಿದಿದೆ. ನಿರುದ್ಯೋಗ ಹೆಚ್ಚಿರುವ, ಬೆಲೆ ಏರದ ಊರಿನಲ್ಲಿ ಅಲ್ಪ ಲಾಭದ ಕಂಪನಿ ಸಂಬಳವನ್ನು ಶೇ 7ರಷ್ಟು ಕಡಿದರೆ ಹೇಗೆ ಎಂದು ಕೇಳಿದಾಗ ಶೇ 62 ಮಂದಿ ಅನ್ಯಾಯ ಎಂದರು. ಅದೇ ಕಂಪನಿ, ಬೆಲೆಗಳು ಶೇ 12ರಷ್ಟು ಏರುತ್ತಿರುವಾಗ ಸಂಬಳವನ್ನು ಶೇ 5 ಮಾತ್ರ ಏರಿಸಿದರೆ? ಶೇ 78 ಮಂದಿಗೆ ಅದು ಸರಿಯೆನಿಸಿತು. ಎರಡರಲ್ಲೂ ಕೊಳ್ಳುವ ಶಕ್ತಿ ಕುಗ್ಗುವುದು ಸರಿಸುಮಾರು ಒಂದೇ. ಹಣದುಬ್ಬರ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಮಾಡುವ ಕೆಲಸವನ್ನು ಮಾಲೀಕ ಹಗಲಿನಲ್ಲಿ ಮಾಡಿದರೆ ಬೀದಿ ರಂಪವಾಗುತ್ತದೆ.

ಆದರೆ ಇಲ್ಲೊಂದು ತಕರಾರು ಎದ್ದಿತು, ಅದನ್ನು ಎತ್ತಿದವರು ಸ್ವತಃ ಪಿಸರೈಡ್ಸ್. ಬ್ಯೂಲಿ ಹೇಳುವ ಮುನಿಸು ಒಳಗಿರುವವರದು. ಮೂರು ರೂಪಾಯಿಯ ಲೆಕ್ಕದಲ್ಲಿ ಬರುವುದು ಇನ್ನೂ ಹೊರಗಿರುವ, ನಾಳೆ ಸೇರಬೇಕಾದವನ ಸಂಬಳ. ಹತ್ತು ವರ್ಷದಿಂದ ಇರುವ ಗುಮಾಸ್ತರ ಸಂಬಳ ಕಲ್ಲಿನಂತೆ ಕದಲದಿದ್ದರೂ ಹೊಸಬನನ್ನು ಕಡಿಮೆಗೆ ತೆಗೆದುಕೊಳ್ಳಬಹುದಾದರೆ ತೂಬು ಮುಚ್ಚಲು ಕಾರಣವಿಲ್ಲ. ಹೊಸದಾಗಿ ಸೇರುವವರ ಸಂಬಳ ಆರ್ಥಿಕತೆಯ ಜೊತೆ ಸಾಕಷ್ಟು ಏರಿಳಿಯುತ್ತದೆ ಎಂಬ ಪುರಾವೆಯನ್ನು ಅವರು 2009ರಲ್ಲಿ ಮುಂದಿಟ್ಟರು.

ಉತ್ತರ ಬರಲು ಸಮಯ ಹಿಡಿಯಿತು. ‘ಹೊಸದಾಗಿ ಸೇರುವವರು’ ಎಂಬ ಗುಂಪಿನಲ್ಲಿ ಎರಡು ಬಗೆಯವರಿದ್ದಾರೆ: ಒಂದು ಕೆಲಸದಿಂದ ಇನ್ನೊಂದಕ್ಕೆ ಜಿಗಿಯುವವರು ಮತ್ತು ನಿರುದ್ಯೋಗದಿಂದ ಬರುವವರು. ಒಳ್ಳೆಯ ಕಾಲದಲ್ಲಿ ಜಿಗಿಯುವವರಿಗೆ ಮೇಲಿನ ದರ್ಜೆಯ ಕೆಲಸ ಸಿಗುತ್ತದೆ; ಅವರ ಸಂಬಳ ಏರಿದ್ದು ಕುರ್ಚಿ ಬದಲಾದ್ದರಿಂದ, ಅದೇ ಕುರ್ಚಿಯ ಬೆಲೆ ಏರಿದ್ದರಿಂದಲ್ಲ. ಅವರನ್ನು ಬೇರ್ಪಡಿಸಿ ನೋಡಿದಾಗ ನಿರುದ್ಯೋಗದಿಂದ ಬಂದವರ ಸಂಬಳ ಹಳಬರದಕ್ಕಿಂತ ಹೆಚ್ಚೇನೂ ಅಲುಗಿರಲಿಲ್ಲ. ಜೋನಾಥನ್ ಹ್ಯಾಝೆಲ್ ಮತ್ತು ಬ್ಲೆಡಿ ಟಾಸ್ಕಾ ಅಮೆರಿಕದ ಆನ್‌ಲೈನ್ ಉದ್ಯೋಗ ಜಾಹೀರಾತುಗಳನ್ನು ಜಾಲಾಡಿ ಒಂದೇ ಕಂಪನಿ ಒಂದೇ ಹುದ್ದೆಗೆ ಬೇರೆ ಬೇರೆ ಕಾಲದಲ್ಲಿ ಘೋಷಿಸಿದ ಸಂಬಳವನ್ನು ಹೋಲಿಸಿದರು. ಕಾಲ ಚೆನ್ನಾಗಿದ್ದಾಗ ಅದು ಏರುತ್ತದೆ, ಕೆಟ್ಟಾಗ ಇಳಿಯುವುದು ಅಪರೂಪ. ಹೊಸಬನನ್ನು ಕಡಿಮೆಗೆ ತೆಗೆದುಕೊಂಡು ಹಳಬನ ಪಕ್ಕದಲ್ಲೇ ಕೂರಿಸಿದರೆ ಮೂರನೆಯ ದಿನದ ಚಹಾ ಹೊತ್ತಿಗೆ ಇಬ್ಬರ ಸಂಬಳವೂ ಹೊರಬೀಳುತ್ತದೆ ಎಂಬುದನ್ನು ಕಚೇರಿ ಕಂಡ ಯಾರಾದರೂ ಹೇಳಬಲ್ಲರು.

ಊರಿನ ಕೂಲಿ

ಇದೆಲ್ಲ ದೊಡ್ಡ ಕಂಪನಿ, ಕಾರ್ಮಿಕ ಸಂಘ, ಲಿಖಿತ ಕರಾರು ಇರುವ ದೇಶಗಳ ಕಥೆ, ದಿನಗೂಲಿಗೆ ಅನ್ವಯಿಸದು ಎಂದು ಬಹಳ ಕಾಲ ನಂಬಲಾಗಿತ್ತು. ದಿನಗೂಲಿಯಲ್ಲಿ ಕರಾರು ಸಂಜೆಗೆ ಮುಗಿಯುತ್ತದೆ, ನಾಳೆ ಹೊಸ ಬೆಲೆ ಮಾತನಾಡಬಹುದು. ಆದರೆ ಮಲೆನಾಡಿನ ತೋಟದವರನ್ನೋ ಬಯಲುಸೀಮೆಯ ರೈತರನ್ನೋ ಕೇಳಿ: ಧಾರಣೆ ಏರಿದ ವರ್ಷ ಕೂಲಿಯೂ ಏರಿತು, ಧಾರಣೆ ಬಿದ್ದ ವರ್ಷ ಕೂಲಿ ಇಳಿಯಿತೇ? ನಗುತ್ತಾರೆ.

ಆ ನಗೆಗೆ ಅಂಕಿಗಳ ಆಧಾರ ಒದಗಿಸಿದ್ದು ಅರ್ಥಶಾಸ್ತ್ರಜ್ಞೆ ಸುಪ್ರೀತ್ ಕೌರ್. 1956ರಿಂದ 2009ರವರೆಗೆ ಭಾರತದ ಸುಮಾರು 600 ಜಿಲ್ಲೆಗಳ ಮಳೆ ಮತ್ತು ಕೃಷಿ ಕೂಲಿಯ ಲೆಕ್ಕವನ್ನು ಅವರು ಜೋಡಿಸಿ ನೋಡಿದರು. ಮಳೆ ಚೆನ್ನಾಗಿ ಬಂದ ವರ್ಷ ಕೂಲಿ ಏರುತ್ತದೆ. ಮರುವರ್ಷ ಮಳೆ ಸಾಧಾರಣವಾದರೂ ಅದು ಹಿಂದಿನ ಮಟ್ಟಕ್ಕೆ ಇಳಿಯುವುದಿಲ್ಲ. ರೈತ ಕಡಿಮೆ ಆಳುಗಳನ್ನು ಕರೆಯುತ್ತಾನೆ, ಕೆಲಸ ಸಿಗದ ಸಣ್ಣ ಹಿಡುವಳಿದಾರರು ಸ್ವಂತ ತುಂಡು ನೆಲದಲ್ಲೇ ಹೆಚ್ಚು ಹೊತ್ತು ಗೇಯುತ್ತಾರೆ. ಬೆಲೆ ಏರಿಕೆ ಜೋರಾಗಿದ್ದ ವರ್ಷಗಳಲ್ಲಿ ಈ ಪರಿಣಾಮ ಮಂಕಾಗಿತ್ತು ಎಂಬುದು ಕಾನೆಮನ್ ಸಮೀಕ್ಷೆಗೆ ಹಿಡಿದ ಕನ್ನಡಿಯಂತಿದೆ.

ಸಂಘವಿಲ್ಲದ, ಕರಾರಿಲ್ಲದ ಊರಿನಲ್ಲಿ ಕೂಲಿಯನ್ನು ಹಿಡಿದು ನಿಲ್ಲಿಸಿದವರು ಯಾರು? ಎಮಿಲಿ ಬ್ರೆಜಾ, ಕೌರ್ ಮತ್ತು ನಂದಿತಾ ಕೃಷ್ಣಸ್ವಾಮಿ ಒಡಿಶಾದಲ್ಲಿ ಒಂದು ಪ್ರಯೋಗ ಮಾಡಿದರು. ಅಲ್ಲಿನ 183 ಮಂದಿ ರೈತ ಮಾಲೀಕರ ಮೂಲಕ 502 ಕೆಲಸಗಾರರಿಗೆ ಕೆಲಸದ ಕರೆ ಹೋಯಿತು. ಕೆಲವರಿಗೆ ನಾಲ್ಕು ಜನರೆದುರು, ಕೆಲವರಿಗೆ ಮನೆಯೊಳಗೆ ಗುಟ್ಟಾಗಿ. ಚಾಲ್ತಿ ಕೂಲಿಗಾದರೆ ಎಲ್ಲಿ ಕೇಳಿದರೂ ಉತ್ತರ ಒಂದೇ. ಅದಕ್ಕಿಂತ ಕಡಿಮೆ ಕೂಲಿಗೆ ಕರೆದಾಗ, ಕೆಲಸವಿಲ್ಲದೆ ಕೂತಿದ್ದವರು ಗುಟ್ಟಿನಲ್ಲಿ ಒಪ್ಪಿದರು, ಎಲ್ಲರೆದುರು ಒಪ್ಪಿದವರು ಬೆರಳೆಣಿಕೆಯಷ್ಟು. ನಿಯಮ ಮುರಿದವನೆಂದು ಕಾಣಿಸಿಕೊಳ್ಳುವುದನ್ನು ತಪ್ಪಿಸಲು ಅವರು ವಾರದ ಸರಾಸರಿ ಗಳಿಕೆಯ ಶೇ 49ರಷ್ಟನ್ನು ಬಿಟ್ಟುಕೊಡುತ್ತಿದ್ದರು. ಕಡಿಮೆಗೆ ಹೋದ ಅಪರಿಚಿತನಿಗೆ ದಂಡ ಬೀಳಲೆಂದು ತಮ್ಮ ಕೈಯಿಂದ ಹಣ ಕಳೆದುಕೊಳ್ಳಲೂ ಸಿದ್ಧರಿದ್ದರು.

ಇದನ್ನು ಓದಿದಾಗ ನನಗೆ ನೆನಪಾಗುವುದು ಬೆಳಿಗ್ಗೆ ಏಳಕ್ಕೆ ಬೆಂಗಳೂರಿನ ವೃತ್ತಗಳಲ್ಲಿ ಬುತ್ತಿ ಹಿಡಿದು ಮೇಸ್ತ್ರಿಗಾಗಿ ಕಾಯುವ ಗಾರೆ ಕೆಲಸದವರು. ಇಂಥ ಕಡೆ ಬರೆದಿಡದ ಒಂದು ದರಪಟ್ಟಿ ಇರುತ್ತದೆ. ಇಂದು ಒಬ್ಬ ನೂರು ರೂಪಾಯಿ ಕಡಿಮೆಗೆ ಗಾಡಿ ಹತ್ತಿದರೆ ನಾಳೆ ಎಲ್ಲರಿಗೂ ಅದೇ ದರ ಎಂಬುದು ಅಲ್ಲಿ ನಿಂತವರಿಗೆ ಗೊತ್ತು. ಕೆಲಸ ಸಿಗದೆ ಮನೆಗೆ ಮರಳುವವನನ್ನು ‘ಮಾರುಕಟ್ಟೆಯ ನಿಯಮ ಅರಿಯದವ’ ಎನ್ನುವುದು ಸರಿಯಲ್ಲ. ಅವನು ಮುಂದಿನ ಇನ್ನೂರು ದಿನಗಳ ಕೂಲಿಯನ್ನು ಕಾಯುತ್ತಿದ್ದಾನೆ.

ಹಾಗಿದ್ದರೆ ಕೂಲಿ ಸಲೀಸಾಗಿ ಇಳಿಯುವಂತೆ ಮಾಡಿದರೆ ಎಲ್ಲ ಸರಿಹೋಗುತ್ತದೆಯೇ? ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ 1936ರಲ್ಲೇ ಇಲ್ಲವೆಂದಿದ್ದರು. ಒಬ್ಬನ ಸಂಬಳ ಇನ್ನೊಬ್ಬನ ಅಂಗಡಿಯ ವ್ಯಾಪಾರ. ಎಲ್ಲರದೂ ಒಟ್ಟಿಗೆ ಇಳಿದರೆ ಸಂತೆಯೇ ಒಣಗುತ್ತದೆ. ಸಾಲದ ಕಂತು ಮಾತ್ರ ಇಳಿಯುವುದಿಲ್ಲ. 1929ರ ನಂತರ ಅಮೆರಿಕದಲ್ಲಿ ಕೂಲಿ ಗಣನೀಯವಾಗಿ ಇಳಿದೇ ಇಳಿಯಿತು. ಬೆಲೆಗಳೂ ಜೊತೆಗೇ ಕುಸಿದವು. 1933ರಲ್ಲಿ ಪ್ರತಿ ನಾಲ್ವರಲ್ಲಿ ಒಬ್ಬ ನಿರುದ್ಯೋಗಿಯಾಗಿದ್ದ. ಜರ್ಮನಿ ಬೇರೆ ದಾರಿ ಹಿಡಿಯಿತು: 2009ರಲ್ಲಿ ಅಲ್ಲಿನ ಉತ್ಪಾದನೆ ಶೇ 5ಕ್ಕೂ ಹೆಚ್ಚು ಕುಸಿದರೂ, ಜನರನ್ನು ತೆಗೆಯುವ ಬದಲು ಎಲ್ಲರ ಗಂಟೆಗಳನ್ನು ಕಡಿಮೆ ಮಾಡಿ, ಖೋತಾ ಆದ ಸಂಬಳದ ಒಂದು ಭಾಗವನ್ನು ಸಾರ್ವಜನಿಕ ನಿಧಿಯಿಂದ ತುಂಬಿಸಲಾಯಿತು. ನಿರುದ್ಯೋಗ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಗಂಟೆಯ ದರ ಮುಟ್ಟದೆ ಗಂಟೆಗಳನ್ನು ಹಂಚಿದ ಈ ಉಪಾಯ ನನಗೆ ಬಹಳ ಜಾಣತನದ್ದಾಗಿ ಕಾಣುತ್ತದೆ, ಆದರೆ ಅದಕ್ಕೆ ಲೆಕ್ಕಪುಸ್ತಕವಿರುವ ಕಾರ್ಖಾನೆಗಳು ಬೇಕು.

ನಮ್ಮಲ್ಲಿ ಅಂಥವು ಕಡಿಮೆ. ದೇಶದ ಉದ್ಯೋಗ, ನಿರುದ್ಯೋಗಗಳನ್ನು ಅಳೆಯುವ ಸರ್ಕಾರದ ಪಿಎಲ್‌ಎಫ್‌ಎಸ್ ಸಮೀಕ್ಷೆಯ ಪ್ರಕಾರ 2018–19ರಲ್ಲಿ ಶೇ 5.8 ಇದ್ದ ನಿರುದ್ಯೋಗ ದರ 2019–20ರಲ್ಲಿ ಶೇ 4.8ಕ್ಕೆ, 2020–21ರಲ್ಲಿ ಶೇ 4.2ಕ್ಕೆ ಇಳಿಯಿತು. ಹೌದು, ಕೋವಿಡ್ ಕಾಲದಲ್ಲಿ ಇಳಿಯಿತು. ಅದೇ ಅವಧಿಯಲ್ಲಿ ಕೃಷಿಯಲ್ಲಿ ತೊಡಗಿದವರ ಪಾಲು ಶೇ 42.5ರಿಂದ 46.5ಕ್ಕೆ ಏರಿತು. ನಗರದ ಕೆಲಸ ಹೋದವರು ಊರಿಗೆ ಬಂದು ಅಣ್ಣನ ಹೊಲದಲ್ಲಿ ಕಳೆ ಕಿತ್ತರು, ಸಮೀಕ್ಷೆಯಲ್ಲಿ ‘ಉದ್ಯೋಗಿ’ಗಳಾದರು. ನಿರುದ್ಯೋಗಿಯಾಗಿ ಕೆಲಸ ಹುಡುಕುತ್ತ ಕೂರುವುದಕ್ಕೂ ಒಂದಷ್ಟು ಅನುಕೂಲ ಬೇಕು. ಬಡವನಿಗೆ ಕೆರೆಯಲ್ಲಿ ಈಜುತ್ತ ಕಾಯುವ ಸ್ಥಿತಿಯಿಲ್ಲ, ಸಿಕ್ಕ ದಡ ಹತ್ತುತ್ತಾನೆ. ಸಂಬಳ ಬಿಗಿಯಾಗಿದ್ದ ಕಡೆಯಿಂದ ಹೊರಬಿದ್ದವನು ಗಳಿಕೆಗೆ ಯಾವ ಬಿಗಿಯೂ ಇಲ್ಲದ ಕಡೆಗೆ ಬಂದು ಬೀಳುತ್ತಾನೆ.

ಬೆಂಗಳೂರಿನ ಐಟಿ ಉದ್ಯಮದಲ್ಲಿ ಇವೆಲ್ಲವನ್ನೂ ಒಂದೇ ಕಡೆ ಕಾಣಬಹುದು. ಹೊಸ ಪದವೀಧರರ ಆರಂಭಿಕ ಸಂಬಳ ಹತ್ತು ವರ್ಷಕ್ಕೂ ಹೆಚ್ಚು ಕಾಲ 3ರಿಂದ 4 ಲಕ್ಷ ರೂಪಾಯಿಗಳ ಆಸುಪಾಸಿನಲ್ಲೇ ನಿಂತಿದೆ. ಯಾರೂ ಅದನ್ನು ಕಡಿಯಲಿಲ್ಲ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಹನ್ನೆರಡು ವರ್ಷಗಳಲ್ಲಿ ದುಪ್ಪಟ್ಟಾಗುತ್ತವೆ, ಕಡಿಯುವ ಅಗತ್ಯವೇ ಬೀಳುವುದಿಲ್ಲ. ವ್ಯಾಪಾರ ತಗ್ಗಿದಾಗ ಇಲ್ಲಿ ಮೊದಲು ನಿಲ್ಲುವುದು ಕ್ಯಾಂಪಸ್ ನೇಮಕಾತಿ, ಆಮೇಲೆ ಮುಂದಕ್ಕೆ ಹೋಗುವುದು ಆಯ್ಕೆಯಾದವರ ಸೇರ್ಪಡೆಯ ದಿನಾಂಕ. ತೂಬು ಮುಚ್ಚುವುದೆಂದರೆ ಇದೇ. 2023ರ ಫೆಬ್ರುವರಿಯಲ್ಲಿ ಮಾತ್ರ ಒಂದು ದೊಡ್ಡ ಕಂಪನಿ ರೂಢಿ ಮುರಿಯಿತು. ವರ್ಷಕ್ಕೆ 6.5 ಲಕ್ಷಕ್ಕೆ ಆಯ್ಕೆಯಾಗಿ ತಿಂಗಳುಗಟ್ಟಲೆ ಕಾಯುತ್ತಿದ್ದವರಿಗೆ 3.5 ಲಕ್ಷಕ್ಕಾದರೆ ಈಗಲೇ ಬರುತ್ತೀರಾ ಎಂದು ಇಮೇಲ್ ಕಳುಹಿಸಿತು. ಐಟಿ ಉದ್ಯೋಗಿಗಳ ಸಂಘಟನೆಯೊಂದು ಇದು ಅನ್ಯಾಯವೆಂದು ಬಹಿರಂಗವಾಗಿ ಪ್ರತಿಭಟಿಸಿತು. ಇಮೇಲ್ ಬಂದದ್ದು ಒಬ್ಬೊಬ್ಬರ ಮೊಬೈಲಿಗೆ, ಒಬ್ಬೊಬ್ಬರೇ ಕೂತು ಉತ್ತರಿಸಬೇಕಾದ ಪ್ರಶ್ನೆಯಾಗಿ. ಬಹುಪಾಲು ಮಂದಿ ಒಪ್ಪಿಕೊಂಡರೆಂದು ಕಂಪನಿ ಹೇಳಿತು.